ಉಡುಪಿಯ ರಾಹುಕಾಲ

ಕೊರೊನಾ ಗಲಾಟೆ ತಣ್ಣಗಾದ ಮಾರನೆಯ ವರ್ಷದ ಮಾತು. ಆಗ ನಾನು ಲಂಡನ್ನಿನ ಈಸ್ಟ್ ಹ್ಯಾಮ್‌ನಲ್ಲಿ ಪ್ರೊಬೇಟ್ ಸಾಲಿಸಿಟರ್ ಆಗಿದ್ದೆ. ಹೈ ಸ್ಟ್ರೀಟ್ ನಾರ್ತ್‌ನ ಒಂದು ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಸಣ್ಣ ಕಚೇರಿ. ಪ್ರೊಬೇಟ್ ಅಂದರೆ ಸತ್ತವರ ಆಸ್ತಿಯನ್ನು ಪಟ್ಟಿ ಮಾಡಿ, ತೆರಿಗೆ ಕಟ್ಟಿಸಿ, ಉಳಿದದ್ದನ್ನು ಕಾನೂನಿನ ಪ್ರಕಾರ ಯಾರಿಗೆ ಸೇರಬೇಕೋ ಅವರಿಗೆ ತಲುಪಿಸುವ ಕೆಲಸ. ಮೈಸೂರಿನಲ್ಲಿದ್ದ ನಮ್ಮ ತಾಯಿ ಕೇಳಿದವರಿಗೆಲ್ಲ "ನನ್ನ ಮಗಳು ಸತ್ತವರ ವಕೀಲೆ" ಎಂದು ಹೇಳಿಕೊಂಡು ತಿರುಗುತ್ತಿದ್ದರು. ಸತ್ತವರಿಂದ ನನಗೆ ಒಂದು ದಿನವೂ ತೊಂದರೆಯಾಗಿಲ್ಲ. ತೊಂದರೆ ಏನಿದ್ದರೂ ಬದುಕಿ ಉಳಿದವರದು.

ಶೀನಣ್ಣನವರನ್ನು ನಾನು ಮೊದಲಿನಿಂದ ಬಲ್ಲೆ. ಕುಂದಾಪುರದ ಕಡೆಯವರು, ಹೋಟೆಲಿನ ಅಡುಗೆಗೆಂದು ಲಂಡನ್ನಿಗೆ ಬಂದು ಈಸ್ಟ್ ಹ್ಯಾಮ್‌ನಲ್ಲೇ ಬಹಳ ವರ್ಷ ಒಲೆಯ ಮುಂದೆ ನಿಂತವರು. ಆಮೇಲೆ ಕೂಡಿಟ್ಟದ್ದನ್ನೆಲ್ಲ ಸುರಿದು, ಅಪ್‌ಮಿನ್‌ಸ್ಟರ್ ದಾಟಿ ಆಚೆಗೆ, ಇಲ್ಲಿಯವರು ಬಂಗಲೆ ಎನ್ನುವ ಮಹಡಿಯಿಲ್ಲದ ಮನೆಯೊಂದನ್ನೂ ಅದರ ಹಿಂದಿನ ಕೆಲವು ಎಕರೆ ಹೊಲವನ್ನೂ ಕೊಂಡರು. ಲಂಡನ್ ಅಂದರೆ ಟ್ಯೂಬು, ಫ್ಲ್ಯಾಟು, ನೂಕುನುಗ್ಗಲು ಎಂದುಕೊಂಡವರಿಗೆ ಆ ಜಾಗ ತೋರಿಸಿದರೆ ನಂಬುವುದಿಲ್ಲ. ನಕ್ಷೆಯಲ್ಲಿ ಅದೂ ಲಂಡನ್ನೇ. ಕಣ್ಣು ಹಾಯಿಸಿದಷ್ಟು ದೂರ ಚಪ್ಪಟೆ ಬಯಲು, ಗೋಧಿ ಹೊಲ, ಗಾಳಿಗೆ ಅಡ್ಡ ನಿಲ್ಲುವ ಒಂದು ದಿಬ್ಬವೂ ಇಲ್ಲ. ಆ ಬಯಲಿನಲ್ಲಿ ಶೀನಣ್ಣ ಪಾಲಿಟನಲ್ ಹಾಕಿಸಿದರು. ಕಬ್ಬಿಣದ ಕಮಾನುಗಳ ಮೇಲೆ ಪ್ಲಾಸ್ಟಿಕ್ ಹೊದಿಸಿದ ಉದ್ದನೆಯ ಗುಡಾರ ಅದು. ಒಳಗೆ ಬಸಳೆ, ಹರಿವೆ, ಮೆಂತ್ಯ, ಬೆಂಡೆ. ಹೆಂಡತಿ ಜಲಜಕ್ಕ ಕೊಯ್ದು ಕಟ್ಟು ಕಟ್ಟುವುದು, ಶೀನಣ್ಣ ವ್ಯಾನಿನಲ್ಲಿ ತುಂಬಿಕೊಂಡು ನಮ್ಮ ಬೀದಿಯ ಅಂಗಡಿಗಳಿಗೆ ಹಾಕುವುದು. ಈಸ್ಟ್ ಹ್ಯಾಮ್‌ನಲ್ಲಿ ಅವರ ಬಸಳೆ ತಿನ್ನದ ಕನ್ನಡಿಗರಿರಲಿಲ್ಲ.

ಒಂದು ಬೆಳಿಗ್ಗೆ ನೀರು ಬಿಡಲು ಹೋದ ಶೀನಣ್ಣ ಆ ಗುಡಾರದೊಳಗೇ ಕುಸಿದರು. ಚಹಾ ಹಿಡಿದುಕೊಂಡು ಹೋದ ಜಲಜಕ್ಕ ಕಂಡದ್ದು ಹೆಣವನ್ನು. ಮರಣ ನೋಂದಣಿಗೆ ಅವರೇ ಹೋದರು. ಅಲ್ಲಿಯ ಅಧಿಕಾರಿ ನೀವು ಯಾರು ಎಂದು ಕೇಳಿ, ಅವರು ಹೇಳಿದಂತೆಯೇ 'ಮೃತನ ವಿಧವೆ' ಎಂದು ದಾಖಲಿಸಿಕೊಂಡ. ಪುರಾವೆ ಕೇಳಲಿಲ್ಲ. ವಿಧವೆಯಾಗುವುದಕ್ಕೆ ಈ ದೇಶದಲ್ಲಿ ಬಾಯಿಮಾತು ಸಾಕು.

ಅವರಿಗೆ ಮಕ್ಕಳಿರಲಿಲ್ಲ. ಶೀನಣ್ಣನ ಒಬ್ಬನೇ ತಮ್ಮ ತೀರಿಕೊಂಡಾಗ, ಆತನ ಮಗಳು ಅನಿತಾಳನ್ನು ಗಂಡಹೆಂಡತಿ ಮನೆಗೆ ಕರೆತಂದು ಸಾಕಿದ್ದರು. ಆಗ ಅವಳಿಗೆ ಏಳು ವರ್ಷ. ತಾಯಿ ಅದಕ್ಕೂ ಮೊದಲೇ ಹೋಗಿದ್ದಳು. ಅನಿತಾ ಆ ಬಯಲಿನಲ್ಲೇ ಬೆಳೆದು, ಓದಿ, ಫಾರ್ಮಸಿಸ್ಟ್ ಆಗಿ, ಮದುವೆಯಾಗಿ ಗ್ಲಾಸ್ಗೋ ಸೇರಿದ್ದಳು. ದೊಡ್ಡಪ್ಪ ಹೋದ ಸುದ್ದಿ ಕೇಳಿ ಬಂದವಳು ವೈಕುಂಠ ಸಮಾರಾಧನೆ ಮುಗಿಯುವವರೆಗೂ ಇದ್ದು ಎಲ್ಲ ಓಡಾಟ ಮಾಡಿದಳು. ಆಸ್ತಿಯ ಕೆಲಸ ನಮಗೆ ವಹಿಸಿ ಕಚೇರಿಯ ಒಪ್ಪಂದಕ್ಕೆ ಸಹಿ ಹಾಕಿದವಳೂ ಅವಳೇ. ಜಲಜಕ್ಕನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನಾನು ಸಹಿ ಮಾಡುತ್ತೇನೆ ಬಿಡಿ ಎಂದಳು. ಆ ಹೊತ್ತಿಗೆ ಅದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ.

ಮೊದಲ ಭೇಟಿಗೆ ಇಬ್ಬರೂ ಒಟ್ಟಿಗೆ ಬಂದರು. ಜಲಜಕ್ಕ ಅರವತ್ತು ದಾಟಿದ, ಸಣಕಲು ಮೈಯ ಹೆಂಗಸು. ಕರಿಮಣಿ ತೆಗೆದ ಕುತ್ತಿಗೆ ಬೋಳಾಗಿತ್ತು. ಮೆಟ್ಟಿಲು ಹತ್ತುವಾಗ ಅನಿತಾ ಅವರ ತೋಳು ಹಿಡಿದುಕೊಂಡಿದ್ದಳು. ವಿಲ್ ಇಲ್ಲ ಎಂದು ಗೊತ್ತಿತ್ತು. ವಿಲ್ ಬರೆದರೆ ಆಯಸ್ಸು ಕಡಿಮೆಯಾಗುತ್ತದೆ ಎನ್ನುವವರ ಪಂಗಡದವರು ಶೀನಣ್ಣ. ಅದರಿಂದ ದೊಡ್ಡ ತೊಡಕೇನೂ ಇಲ್ಲ, ಮಕ್ಕಳಿಲ್ಲದವನು ವಿಲ್ ಇಲ್ಲದೆ ಸತ್ತರೆ ಎಲ್ಲವೂ ಹೆಂಡತಿಗೇ ಹೋಗುತ್ತದೆ. ದಿನಕ್ಕೆರಡು ಬಾರಿ ಕೇಳುವ ಪ್ರಶ್ನೆಯನ್ನು ನಾನು ಕೇಳಿದೆ.

"ಮದುವೆ ಸರ್ಟಿಫಿಕೇಟ್ ತಂದಿದ್ದೀರಾ ಜಲಜಕ್ಕ?"

ಅವರು ಚೀಲದಿಂದ ದಪ್ಪನೆಯ ಆಲ್ಬಮ್ ತೆಗೆದು ಮೇಜಿನ ಮೇಲಿಟ್ಟರು. "ಇದ್ರಂಗೆ ಎಲ್ಲ ಇತ್ತ್ ಕಾಣಿ ಮೇಡಂ. ಧಾರೆ ಎರ್ದದ್ದೂ ಇತ್ತ್, ಸಪ್ತಪದಿನೂ ಇತ್ತ್."

"ಫೋಟೋ ಅಲ್ಲ ಜಲಜಕ್ಕ. ರಿಜಿಸ್ಟರ್ ಆಫೀಸಿನಲ್ಲಿ ಸಹಿ ಮಾಡಿ ತಗೊಂಡಿದ್ದು."

ಅವರು ಅನಿತಾಳ ಮುಖ ನೋಡಿದರು. ಆಮೇಲೆ ನನ್ನ ಮುಖ.

"ರಿಜಿಸ್ಟರ್ ಆಪೀಸಿನವ್ರ್ ಮಂಗ್ಳವಾರ ಮೂರೂವರೆಗೆ ಬನ್ನಿ ಅಂದಿದ್ರ್. ರಾಹುಕಾಲ, ಬ್ಯಾಡ ಅಂದ್ರ್ ಇವ್ರ ಸೋದರಮಾವ. ಮತ್ತೆ ಆಸಾಡಿ ತಿಂಗ್ಳ್ ಬಂತ್. ಆಸಾಡಿ ಮುಗುದ್ ಮೇಲೆ ಹೋಟ್ಲಂಗೆ ಕೆಲ್ಸ ಜಾಸ್ತಿ ಆಯ್ತ್. ಧಾರೆ ಆಯ್ತಲೆ, ಇನ್ನೆಂತ ಅಂದ್ಹೇಳಿ ಬಿಟ್ಟದ್ದ್."

ಸಂಗತಿ ಇಷ್ಟೆ. ಮೂವತ್ತು ವರ್ಷಕ್ಕೂ ಹಿಂದೆ, ಜೂನ್ ತಿಂಗಳಲ್ಲಿ, ಲಂಡನ್ನಿನ ಇನ್ನೊಂದು ಮೂಲೆಯ ಕೆಂಟನ್‌ನ ಒಂದು ಬಾಡಿಗೆ ಹಾಲಿನಲ್ಲಿ ಅವರ ಮದುವೆಯಾಗಿತ್ತು. ಜಲಜಕ್ಕ ಅದೇ ಕೆಂಟನ್‌ನ ಒಬ್ಬ ಡಾಕ್ಟರ ಮನೆಗೆ ಮಕ್ಕಳನ್ನು ನೋಡಿಕೊಳ್ಳಲು ಊರಿನಿಂದ ಬಂದವರು. ಆ ಕೆಲಸದ ಮೇಲೆಯೇ ಅವರಿಗೆ ಇಲ್ಲಿ ನೆಲೆಸುವ ಹಕ್ಕು ಸಿಕ್ಕಿತ್ತು, ಆದ್ದರಿಂದ ಗಂಡನ ಹೆಸರಿನಲ್ಲಿ ವೀಸಾ ಕೇಳುವ ಪ್ರಸಂಗ ಬರಲಿಲ್ಲ. ಬ್ಯಾಂಕಿನವರು, ಜಿಪಿ ಎನ್ನುವ ಬಡಾವಣೆಯ ಡಾಕ್ಟರು, ಕೌನ್ಸಿಲಿನವರು ಎಲ್ಲರೂ ಬಾಯಿಮಾತಿನ ಮೇಲೆ ಮಿಸೆಸ್ ಎಂದು ಬರೆದುಕೊಂಡರು. ಸರ್ಟಿಫಿಕೇಟ್ ತೋರಿಸಿ ಎಂದು ಮೊತ್ತಮೊದಲು ಕೇಳಿದವಳು ನಾನು.

ಇಂಗ್ಲೆಂಡಿನ ಕಾನೂನು ಈ ವಿಷಯದಲ್ಲಿ ಕಲ್ಲು. ಮದುವೆಗೆಂದು ನೋಂದಾಯಿಸದ ಜಾಗದಲ್ಲಿ, ರಿಜಿಸ್ಟ್ರಾರ್ ಇಲ್ಲದೆ, ಪುರೋಹಿತರು ಎಷ್ಟೇ ಮಂತ್ರ ಹೇಳಿರಲಿ, ಸಾವಿರ ಜನ ಉಂಡಿರಲಿ, ಅದು ಮದುವೆಯೇ ಅಲ್ಲ. ರದ್ದಾದ ಮದುವೆಗೂ ಇಲ್ಲಿ ಒಂದಿಷ್ಟು ಮರ್ಯಾದೆಯಿದೆ, ಇದಕ್ಕೆ ಅದೂ ಇಲ್ಲ. ಇದೇ ಧಾರೆ ಕುಂದಾಪುರದಲ್ಲಿ ಆಗಿದ್ದರೆ ಅಲ್ಲಿಯ ಕಾನೂನಿನಂತೆ ಅದು ಮದುವೆ, ಅಲ್ಲಿ ಆದದ್ದನ್ನು ಇಲ್ಲಿಯೂ ಒಪ್ಪುತ್ತಾರೆ. ಕೆಂಟನ್‌ನ ಹಾಲಿನಲ್ಲಿ ಆದದ್ದರಿಂದ ಅದು ಒಂದು ಊಟದ ಕಾರ್ಯಕ್ರಮ.

ಅವತ್ತು ಮನೆಗೆ ಹೋದವಳು ಸಿಟ್ಟಿಗೆ ಲೆಕ್ಕ ಹಾಕಿ ನೋಡಿದೆ. ಸೋದರಮಾವ ನೋಡಿದ ಪಂಚಾಂಗ ಉಡುಪಿಯಲ್ಲಿ ಅಚ್ಚಾದದ್ದು, ಅದರ ರಾಹುಕಾಲ ಉಡುಪಿಯ ಸೂರ್ಯನದು. ಮಂಗಳವಾರದ ರಾಹುಕಾಲ ಅಂದರೆ ಹಗಲನ್ನು ಎಂಟು ಪಾಲು ಮಾಡಿ ಏಳನೆಯದು. ಲಂಡನ್ನಿನ ಜೂನ್ ತಿಂಗಳಲ್ಲಿ ಐದು ಗಂಟೆಯೊಳಗೆ ಸೂರ್ಯ ಹುಟ್ಟಿ ರಾತ್ರಿ ಒಂಬತ್ತರ ಮೇಲೆ ಮುಳುಗುತ್ತಾನೆ. ಇಲ್ಲಿಯ ರಾಹುಕಾಲ ಸಂಜೆ ಐದರ ಮೇಲೆ ಬರಬೇಕು. ಮೂರೂವರೆಗೆ ರಾಹು ಈ ಊರಿನಲ್ಲಿ ಇರಲೇ ಇಲ್ಲ. ಶಾಸ್ತ್ರವನ್ನಾದರೂ ಸರಿಯಾಗಿ ನೋಡಿದ್ದರೆ ಆ ಹೆಂಗಸು ಬಚಾವಾಗುತ್ತಿದ್ದಳು. ಅರ್ಧ ಶಾಸ್ತ್ರ ನೋಡುವ ಹಿರಿಯರ ಮೇಲೆ ನನಗೆ ಅವತ್ತು ಹುಟ್ಟಿದ ಕೋಪ ಇನ್ನೂ ಇಳಿದಿಲ್ಲ.

ಆ ಮೊದಲ ಭೇಟಿಯಲ್ಲೇ ನಾನು ಇಬ್ಬರಿಗೂ ಕಾನೂನು ಬಿಡಿಸಿ ಹೇಳಿದ್ದೆ. ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ. ಹೆಂಡತಿ ಇಲ್ಲ, ಮಕ್ಕಳಿಲ್ಲ, ತಂದೆತಾಯಿ ಇಲ್ಲ ಎಂದಾದರೆ ಆಸ್ತಿ ಒಡಹುಟ್ಟಿದವರಿಗೆ, ಅವರೂ ಇಲ್ಲದಿದ್ದರೆ ಅವರ ಮಕ್ಕಳಿಗೆ. ಅಂದರೆ ಮನೆ, ಹೊಲ, ವ್ಯಾನು, ಬ್ಯಾಂಕಿನಲ್ಲಿದ್ದದ್ದು ಎಲ್ಲವೂ ಅನಿತಾಳಿಗೆ. ಅವಳು ಬೆಚ್ಚಿಬಿದ್ದದ್ದು ನಿಜ. "ಡೋಂಟ್ ಬಿ ಸಿಲ್ಲಿ," ಎಂದಳು. "ಇಟ್ಸ್ ಹರ್ಸ್. ಆಫ್ ಕೋರ್ಸ್ ಇಟ್ಸ್ ಹರ್ಸ್." ಜಲಜಕ್ಕನ ಕೈ ಹಿಡಿದು ಹಾಗೆ ಹೇಳಿದಾಗ ಅವಳಲ್ಲಿ ಕಪಟವಿರಲಿಲ್ಲ. ಅದಕ್ಕೊಂದು ದಾರಿಯಿದೆ ಎಂದು ನಾನು ಹೇಳಿದೆ. ಡೀಡ್ ಆಫ್ ವೇರಿಯೇಷನ್ ಎನ್ನುತ್ತಾರೆ. ತನಗೆ ಬಂದ ಪಾಲು ಇನ್ನೊಬ್ಬರಿಗೆ ಹೋಗಲಿ ಎಂದು ವಾರಸುದಾರ ಬರೆದುಕೊಡುವ ಪತ್ರ. ತಯಾರು ಮಾಡಿ ಎಂದಳು ಅನಿತಾ. ಅದೇ ವಾರ ಮಾಡಿ ಕಳಿಸಿದೆ.

ಅವತ್ತು ಅವರು ಹೊರಡುವ ಮುಂಚೆ ಜಲಜಕ್ಕನಿಗೆ ಇನ್ನೊಂದು ಮಾತು ಹೇಳಬೇಕಾಯಿತು. ನಾನು ಅನಿತಾಳ ವಕೀಲೆ, ನಿಮ್ಮ ವಕೀಲೆ ಅಲ್ಲ, ನೀವು ಬೇರೆ ಸಾಲಿಸಿಟರ್ ನೋಡಿಕೊಳ್ಳಿ ಎಂದು. ಇಬ್ಬರ ಹಿತ ಎರಡಾದ ಮೇಲೆ ಒಬ್ಬಳೇ ಇಬ್ಬರಿಗೂ ಸಲಹೆ ಕೊಡುವಂತಿಲ್ಲ, ಅದು ನಮ್ಮ ವೃತ್ತಿಯ ಮೊದಲ ನಿಯಮ. ಒಳ್ಳೆಯ ನಿಯಮವೇ. ಅದನ್ನು ಕನ್ನಡದಲ್ಲಿ ಹೇಳಿ ನೋಡಿ, ಆಗ ಅದರ ಕಷ್ಟ ಗೊತ್ತಾಗುತ್ತದೆ.

"ನೀವು ಕನ್ನಡದವ್ರ್ ಅಲ್ದಾ?" ಎಂದರು ಜಲಜಕ್ಕ.

ಹೌದು ಎಂದೆ. ಅದಕ್ಕಿಂತ ಹೆಚ್ಚಿಗೆ ಹೇಳಲು ನನಗೆ ಅನುಮತಿ ಇರಲಿಲ್ಲ.

ಡೀಡಿಗೆ ಸಹಿ ಬರಲಿಲ್ಲ. ಕೇಳಿದರೆ ಓದುತ್ತಿದ್ದೇನೆ, ಗಂಡನ ಜೊತೆ ಮಾತಾಡುತ್ತಿದ್ದೇನೆ ಎಂಬ ಉತ್ತರ. ಈ ನಡುವೆ ಮನೆಯ ಸಾಮಾನು, ಹೊಲದ ಉಪಕರಣಗಳ ಬೆಲೆ ಕಟ್ಟಿಸಬೇಕಿತ್ತು. ಅದಕ್ಕಾಗಿ ಅನಿತಾ ಗ್ಲಾಸ್ಗೋದಿಂದ ಮತ್ತೆ ಬಂದಳು, ನಾನೂ ಹೋದೆ. ಮಾರ್ಚ್ ತಿಂಗಳು. ಸ್ಟೇಷನ್ನಿನಿಂದ ಟ್ಯಾಕ್ಸಿಯಲ್ಲಿ ಹೋಗುವಾಗ ಅವಳು ಕಿಟಕಿಗೆ ಮುಖ ಹಚ್ಚಿ ಕುಳಿತಿದ್ದಳು. ಶಾಲೆಯ ಬಸ್ಸು ಎಲ್ಲಿ ನಿಲ್ಲುತ್ತಿತ್ತು, ಅಲ್ಲಿಂದ ಮನೆಯವರೆಗೆ ಎದುರುಗಾಳಿಯಲ್ಲಿ ಒಬ್ಬಳೇ ನಡೆಯುವುದು ಎಷ್ಟು ಕಷ್ಟವಾಗುತ್ತಿತ್ತು ಎಂದು ತೋರಿಸುತ್ತಾ ಬಂದಳು. ಬೆಳೆದ ಊರಿಗೆ ಮರಳಿದವರ ದನಿಯಲ್ಲಿ ಇರುವ ಮೆದುತನ ಅವಳ ದನಿಯಲ್ಲಿ ಇರಲಿಲ್ಲ.

ಜಲಜಕ್ಕ ನೀರುದೋಸೆ ಹುಯ್ದು ಕಾಯುತ್ತಿದ್ದರು. ಅನಿತಾ ತಿಂದಳು, ಆಮೇಲೆ ಫೋನು ಹಿಡಿದು ಕೋಣೆಕೋಣೆಯ ಫೋಟೋ ತೆಗೆಯುತ್ತಾ ಹೋದಳು. ಅವಳು ಮಲಗುತ್ತಿದ್ದ ಕೋಣೆಯಲ್ಲಿ ಈಗ ಮಂಚವಿರಲಿಲ್ಲ. ಗೋಡೆಯಿಂದ ಗೋಡೆಗೆ ಬಸಳೆ, ಬೆಂಡೆ ಸಸಿಗಳ ತಟ್ಟೆಗಳು. ಹೊರಗಿನ ಚಳಿಗೆ ಮೊಳಕೆ ಬರುವುದಿಲ್ಲವೆಂದು ಶೀನಣ್ಣ ಆ ಕೋಣೆಗೆ ಹೀಟರ್ ಹಾಕಿಸಿದ್ದರಂತೆ. ಅನಿತಾ ಬಾಗಿಲಲ್ಲೇ ನಿಂತಳು.

"ದೇ ನೆವರ್ ಡಿಡ್ ಮೈ ಪೇಪರ್ಸ್ ಈದರ್," ಎಂದಳು. ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ಆಮೇಲೆ ಇಂಗ್ಲಿಷಿನಲ್ಲೇ ಎಲ್ಲ ಹೇಳಿದಳು. ತನ್ನನ್ನು ಕಾನೂನಿನಂತೆ ದತ್ತು ತೆಗೆದುಕೊಳ್ಳಿ ಎಂದು ಹದಿಮೂರನೆಯ ವಯಸ್ಸಿನಲ್ಲಿ ತಾನೇ ಬಾಯಿಬಿಟ್ಟು ಕೇಳಿದ್ದಳಂತೆ. ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಪಾಸ್‌ಪೋರ್ಟಿನವರ ಮುಂದೆ, ಇವರು ನನ್ನ ತಂದೆತಾಯಿ ಅಲ್ಲ, ಆದರೆ ತಂದೆತಾಯಿಯ ಹಾಗೆ ಎಂದು ವಿವರಿಸಿ ವಿವರಿಸಿ ಅವಳಿಗೆ ಸಾಕಾಗಿತ್ತು. ದೊಡ್ಡಪ್ಪ ನಕ್ಕುಬಿಟ್ಟರಂತೆ. ಕಾಗದ ಎಂತಕ್ಕೆ, ನೀನು ನಮ್ಮ ಮಗಳಲ್ಲವಾ ಎಂದರಂತೆ. ದೊಡ್ಡಮ್ಮನೂ ಅದನ್ನೇ ಹೇಳಿದರು. ತನ್ನ ಜೀವಮಾನವೆಲ್ಲ ಕಾಗದ ಮುಖ್ಯವಲ್ಲ ಎಂದವರು, ಈಗ ಕಾಗದ ಮಾಡಿಕೊಡು ಎಂದು ತನ್ನ ಮುಂದೆ ಕುಳಿತಿದ್ದಾರೆ ಎಂದಳು. ಅಷ್ಟು ಹೇಳಿ ಸಸಿಗಳ ಫೋಟೋ ತೆಗೆದಳು.

ಅವಳ ನೋವು ಸುಳ್ಳೆಂದು ನಾನು ಹೇಳುವುದಿಲ್ಲ. ಗಾಯ ಹಳೆಯದು, ಒಳಗೇ ಕೀವು ಕಟ್ಟಿತ್ತು. ಆದರೆ ಇಷ್ಟು ವರ್ಷ ಇಲ್ಲದ ಕಾಗದದಿಂದ ಪೆಟ್ಟು ತಿಂದವಳು, ಇಲ್ಲದ ಕಾಗದವನ್ನೇ ಹಿಡಿದು ಇನ್ನೊಬ್ಬಳಿಗೆ ಹೊಡೆಯುವುದನ್ನು ನೋಡುವುದು ನನಗೆ ಕಷ್ಟವಾಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಸಾಕಿದವರಿಗೂ ಸಾಕಿಸಿಕೊಂಡವರಿಗೂ ಹಾಗೇ ಇರಬೇಕು.

ಹೊರಡುವಾಗ ಜಲಜಕ್ಕ ಪಾಲಿಟನಲ್ಲಿಗೆ ಕರೆದುಕೊಂಡು ಹೋದರು. ಪ್ಲಾಸ್ಟಿಕ್ಕಿನ ಮೇಲೆ ಗಾಳಿ ಬಡಿಯುತ್ತಿತ್ತು. ಶೀನಣ್ಣ ಬಿದ್ದ ಜಾಗದಲ್ಲಿ ಹೊಸದಾಗಿ ಮೆಂತ್ಯ ಬಿತ್ತಿದ್ದರು.

"ನಂಗೆ ಆಸ್ತಿ ಎಲ್ಲ ಬ್ಯಾಡ ಮೇಡಂ," ಎಂದರು. "ಈ ಮನಿ, ಈ ಗೆದ್ದೆ ಇದ್ರೆ ಸಾಕ್. ನಾನ್ ಎಲ್ಲಿಗ್ ಹೋಪುದ್? ಅನಿತನಿಗೆ ನೀವು ಒಂದ್ ಮಾತ್ ಹೇಳಿ."

ನಿಮ್ಮ ಸಾಲಿಸಿಟರ್ ಹತ್ತಿರ ಹೇಳಿಸಿ ಜಲಜಕ್ಕ ಎಂದೆ. ಅವರು ಬಗ್ಗಿ ಆಚೆ ಪಾತಿಯ ಮೆಂತ್ಯ ಕೊಯ್ದು ಕಟ್ಟು ಕಟ್ಟಿ ನನ್ನ ಕೈಗಿಟ್ಟರು. ಎದುರು ಪಕ್ಷದಿಂದ ಕಾಣಿಕೆ ತೆಗೆದುಕೊಳ್ಳಬಾರದೆಂದೂ ನಮ್ಮಲ್ಲಿ ಒಂದು ಪದ್ಧತಿಯಿದೆ. ತೆಗೆದುಕೊಂಡೆ.

ಕೊನೆಗೆ ಅನಿತಾ ಫೋನಿನಲ್ಲಿ ತೀರ್ಮಾನ ತಿಳಿಸಿದಳು. ಡೀಡ್ ಬೇಡ. ಹೇಗೂ ಹೆಂಡತಿಗೆ ಸಿಗುವ ತೆರಿಗೆ ಮಾಫಿ ಇಲ್ಲದೆ ದೊಡ್ಡ ತೆರಿಗೆ ಬರುತ್ತದೆ, ವಯಸ್ಸಾದ ಹೆಂಗಸು ಆ ಬಯಲಿನಲ್ಲಿ ಒಬ್ಬಳೇ ಇರುವುದೂ ಸರಿಯಲ್ಲ, ಎಲ್ಲ ಮಾರಿ ದೊಡ್ಡಮ್ಮನನ್ನು ಗ್ಲಾಸ್ಗೋಗೆ ಕರೆದುಕೊಂಡು ಹೋಗುತ್ತೇನೆ, ಕೆಳಗಿನ ಕೋಣೆ ಖಾಲಿಯಿದೆ, ನಾನು ನೋಡಿಕೊಳ್ಳುತ್ತೇನೆ. ಒಂದೊಂದೂ ನ್ಯಾಯವಾದ ಮಾತೇ. ದೊಡ್ಡಮ್ಮನಿಗೆ ಇನ್ನು ಮನೆ ಯಾಕೆ ಬೇಕು ಎಂದು ಕೇಳಿದಳು. ಕಕ್ಷಿದಾರರ ಅಪ್ಪಣೆಯಂತೆ ನಡೆಯುವುದು ನನ್ನ ಕೆಲಸ. ನಿಮ್ಮ ಮನಸ್ಸಾಕ್ಷಿಗೆ ಒಪ್ಪಿಗೆಯೇ ಎಂದು ಒಮ್ಮೆ ಕೇಳಿದೆ. ಅದು ಲೀಗಲ್ ಪ್ರಶ್ನೆಯೇ ಎಂದು ಅವಳು ಮರುಪ್ರಶ್ನೆ ಹಾಕಿದಳು. ಅಲ್ಲ ಎಂದೆ.

ಆಸ್ತಿ ವಿಲೇವಾರಿಯ ಅಧಿಕಾರ ಕೇಳುವ ಅರ್ಜಿಯಲ್ಲಿ ಮೃತನ ವೈವಾಹಿಕ ಸ್ಥಿತಿ ಎಂಬ ಒಂದು ಅಂಕಣವಿದೆ. ಅವರ ಮನೆಯ ಬಸಳೆ ಹುಳಿ ಉಂಡಿದ್ದ ನಾನು, ಶೀನಣ್ಣನ ಹೆಸರಿನ ಮುಂದೆ ಮದುವೆಯಾಗಿರಲಿಲ್ಲ ಎಂಬುದಕ್ಕೆ ಗುರುತು ಹಾಕಿದೆ. ಕಾನೂನಿನ ಪ್ರಕಾರ ಅದು ಸತ್ಯ. ನನ್ನ ವೃತ್ತಿಯಲ್ಲಿ ಅಷ್ಟು ಕಹಿಯಾದ ಸತ್ಯವನ್ನು ನಾನು ಇನ್ನೊಮ್ಮೆ ಬರೆದಿಲ್ಲ.

ಜಲಜಕ್ಕನ ದಾರಿ ಅಲ್ಲಿಗೂ ಮುಚ್ಚಿರಲಿಲ್ಲ. ರಾಮ್‌ಫರ್ಡ್‌ನ ಒಬ್ಬ ಇಂಗ್ಲಿಷ್ ಸಾಲಿಸಿಟರ್ ಅವರ ಕೇಸು ಹಿಡಿದಿದ್ದ. ಮದುವೆಯಾಗದಿದ್ದರೂ ಗಂಡಹೆಂಡತಿಯಂತೆ ಬಾಳಿದವರು, ಸತ್ತವನ ಆಸ್ತಿಯಿಂದ ತಮಗೆ ನ್ಯಾಯವಾದ ಪಾಲು ಕೊಡಿ ಎಂದು ಕೋರ್ಟನ್ನು ಕೇಳಬಹುದು. ಅಧಿಕಾರಪತ್ರ ಹೊರಟ ಆರು ತಿಂಗಳೊಳಗೆ ಕೇಳಬೇಕು. ಇಷ್ಟು ವರ್ಷ ಜೊತೆಗಿದ್ದವರಿಗೆ ಮನೆ ಸಿಗುವ ಸಂಭವ ಚೆನ್ನಾಗಿಯೇ ಇತ್ತು. ಎದುರು ಪಕ್ಷದವಳಾಗಿಯೂ ನಾನು ಅದನ್ನೇ ಅನಿತಾಳಿಗೆ ಬರೆದು ತಿಳಿಸಿದ್ದೆ. ಬೇಕಾದದ್ದು ಜಲಜಕ್ಕನ ಸಹಿಯುಳ್ಳ ಒಂದು ಹೇಳಿಕೆ. ನಮ್ಮದು ಕಾನೂನಿನ ಪ್ರಕಾರ ಮದುವೆಯಲ್ಲ, ನಾನು ಅವರ ಹೆಂಡತಿಯಲ್ಲ, ಹೆಂಡತಿಯಂತೆ ಅವರ ಜೊತೆ ವಾಸವಾಗಿದ್ದೆ, ಇದು ಸತ್ಯ.

ಜಲಜಕ್ಕ ಸಹಿ ಹಾಕುವುದಿಲ್ಲ ಎಂದರು.

ಆ ಸಾಲಿಸಿಟರ್ ಒಳ್ಳೆಯವನು. ದುಭಾಷಿಯನ್ನು ಕೂರಿಸಿಕೊಂಡು ಎರಡು ಮೂರು ಸಲ ವಿವರಿಸಿದ. ಮಾತನ್ನು ಮೆದು ಮಾಡಿ, ಹಿಂದೂ ವಿಧಿಯಂತೆ ಮದುವೆಯಾಯಿತು, ಆದರೆ ಕಾನೂನು ಅದನ್ನು ಒಪ್ಪುವುದಿಲ್ಲ ಎಂದು ತಿದ್ದಿಕೊಟ್ಟ. ಅವರು ಅದಕ್ಕೂ ಒಪ್ಪಲಿಲ್ಲ. ಕೊನೆಗೆ, ಕೋರ್ಟಿನವರೆಗೆ ಹೋಗದೆ ರಾಜಿಯಾಗಲಿ ಎಂದು ಎರಡೂ ಪಕ್ಷ ನಮ್ಮ ಕಚೇರಿಯಲ್ಲಿ ಸೇರಿದೆವು. ಮೇಜಿನ ಈ ಕಡೆ ನಾನು, ಅನಿತಾ. ಆ ಕಡೆ ಜಲಜಕ್ಕ, ಅವರ ಸಾಲಿಸಿಟರ್, ದುಭಾಷಿ. ಅನಿತಾಳ ಪ್ರಸ್ತಾಪ ಹಳೆಯದೇ, ಗ್ಲಾಸ್ಗೋದ ಕೋಣೆ ಮತ್ತು ತಿಂಗಳ ಖರ್ಚು. ಬದಲಿಗೆ ತಾನು ಹೆಂಡತಿಯಲ್ಲ, ಮುಂದೆ ಯಾವ ಹಕ್ಕೂ ಕೇಳುವುದಿಲ್ಲ ಎಂದು ಜಲಜಕ್ಕ ಬರೆದುಕೊಡಬೇಕು. ಕೋರ್ಟಿಗೆ ಹೋಗುವುದಾದರೂ ಅದೇ ಮಾತು, ರಾಜಿಯಾಗುವುದಾದರೂ ಅದೇ ಮಾತು.

ಜಲಜಕ್ಕ ದುಭಾಷಿಯ ಕಡೆ ತಿರುಗಲಿಲ್ಲ. ನೇರವಾಗಿ ಅನಿತಾಳನ್ನೇ ನೋಡಿ ಕೇಳಿದರು. "ಲೆಕ್ಕಕ್ಕಿಲ್ಲೆ ಅಂದೇಳಿ ನಾನೇ ಬರ್ದ್ ಕೊಡ್ಕಾ? ನೀನ್ ಹೇಳ್. ನಾನ್ ನಿನ್ ದೊಡ್ಡಪ್ಪಯ್ಯಂಗೆ ಎಂತ ಆಯ್ಕ್?"

"ಇಟ್ಸ್ ನಾಟ್ ವಾಟ್ ಐ ಸೇ, ದೊಡ್ಡಮ್ಮ. ಇಟ್ಸ್ ದ ಲಾ."

ದೊಡ್ಡಮ್ಮ ಎಂದರೆ ದೊಡ್ಡಪ್ಪನ ಹೆಂಡತಿ. ಅವಳಿಗೆ ತಾನು ಏನಂದೆ ಎಂಬುದು ಹೊಳೆಯಲಿಲ್ಲ. ಮೇಜಿನ ಸುತ್ತ ಅದನ್ನು ಗಮನಿಸಿದವಳು ನಾನೊಬ್ಬಳೇ ಎಂದು ಕಾಣುತ್ತದೆ, ನಾನೋ ಬಾಯಿ ಮುಚ್ಚಿಕೊಂಡಿರಲು ಸಂಬಳ ಪಡೆದವಳು.

"ಕಾನೂನ್ ಇರ್ಲಿ," ಎಂದರು ಜಲಜಕ್ಕ. "ನಿನ್ ಮದಿ ದಿನ ಧಾರೆ ಎರ್ದದ್ದ್ ಯಾರ್? ಗಂಡ ಹೆಂಡ್ತಿ ಒಟ್ಟಿಗೆ ಕೂತ್ಕಂಡೇ ಎರೆಕ್ ಅಂದ್ರ್ ಭಟ್ರ್. ಅವ್ರ ಕೈಯಂಗೆ ನಿನ್ ಕೈ ಇತ್ತ್, ನಾನ್ ನೀರ್ ಬಿಟ್ಟೆ. ನಾನ್ ಹೆಂಡ್ತಿ ಅಲ್ದಿದ್ರೆ ಆ ನೀರ್ ಎಂತದ್? ನಿನ್ ಮದಿ ಎಂತದ್?"

ಸಾಲಿಸಿಟರ್ ದುಭಾಷಿಯ ಮುಖ ನೋಡಿದ. ದುಭಾಷಿ ತಲೆ ತಗ್ಗಿಸಿ ಕುಳಿತಿದ್ದ. ಕನ್ನಡ ಅರ್ಥವಾದರೂ ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುವ ಅನಿತಾ, ಅವತ್ತು ಆ ಒಂದು ಉತ್ತರವನ್ನು ಕನ್ನಡದಲ್ಲಿ ಕೊಟ್ಟಳು.

"ನಮ್ದು ರಿಜಿಸ್ಟರ್ ಆಗಿದೆ, ದೊಡ್ಡಮ್ಮ."

"ಹೌದ್," ಎಂದರು ಜಲಜಕ್ಕ. "ನಾನೇ ಅಲ್ದಾ ಹಟ ಮಾಡಿ ಮಾಡ್ಸಿದ್ದ್. ನಾವ್ ಬಿಟ್ಟಾಂಗೆ ನೀವ್ ಬಿಡ್ಬೇಡಿ ಅಂದೇಳಿ." ಚೀಲ ಹೆಗಲಿಗೇರಿಸಿಕೊಂಡು ಎದ್ದರು. ಅವರ ಸಾಲಿಸಿಟರ್ ಅವರ ಹಿಂದೆ ಓಡಿದ. ಅನಿತಾ ಕುಳಿತಲ್ಲೇ ಅತ್ತಳು. ಅವಳಿಗೆ ನೀರು ತಂದುಕೊಟ್ಟೆ.

ಆರು ತಿಂಗಳು ಕಳೆಯಿತು. ಹೇಳಿಕೆಗೆ ಸಹಿ ಬೀಳಲಿಲ್ಲ, 'ಹೆಂಡತಿಯಂತೆ' ಇದ್ದವಳು ಎಂದು ಜಲಜಕ್ಕ ಕೋರ್ಟಿಗೆ ಹೋಗಲಿಲ್ಲ. ಅವಸರಕ್ಕೆ ಒಂದು ಸಹಿ ಹಾಕಿ ಮನೆ ಉಳಿಸಿಕೊಳ್ಳಬಾರದಿತ್ತೇ ಎಂದು ಹೈ ಸ್ಟ್ರೀಟಿನ ಜನ ಆಡಿಕೊಂಡರು. ಮೊಂಡು ಹೆಂಗಸು, ಕೊಟ್ಟ ಕುದುರೆ ಏರಲಾರದವಳು ಎಂದರು. ನನಗೂ ಮೊದಲು ಹಾಗೇ ಅನಿಸಿತ್ತು. ಆಮೇಲೆ ನಾನೇ ನನ್ನನ್ನು ಕೇಳಿಕೊಂಡೆ. ಬದುಕಿನಲ್ಲಿ ಮಾಡಿದ ಒಂದೇ ಒಂದು ದೊಡ್ಡ ಕೆಲಸವನ್ನು ಮಾಡಿಯೇ ಇಲ್ಲ ಎಂದು ನನ್ನಿಂದ ಬರೆಸಿಕೊಂಡು, ಅದರ ಬೆಲೆಗೆ ಮನೆ ಕೊಡುತ್ತೇವೆ ಎಂದರೆ ನಾನು ಬರೆದುಕೊಡುತ್ತಿದ್ದೆನೇ?

ಮನೆ, ಹೊಲ ಮಾರಾಟವಾದವು. ಕೊಂಡವರು ಪಾಲಿಟನಲ್‌ಗಳನ್ನು ಕಿತ್ತರು ಎಂದು ಕೇಳಿದೆ, ಹೋಗಿ ನೋಡಲಿಲ್ಲ. ಗ್ಲಾಸ್ಗೋದ ಕೋಣೆಗೆ ಜಲಜಕ್ಕ ಹೋಗಲಿಲ್ಲ. ಕೆಂಟನ್‌ನ ಆ ಡಾಕ್ಟರು ತೀರಿಕೊಂಡು ಅವರ ಹೆಂಡತಿ ಹಾಸಿಗೆ ಹಿಡಿದಿದ್ದರು, ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಯಾವ ಮನೆಯಿಂದ ಮದುವಣಗಿತ್ತಿಯಾಗಿ ಹೊರಟರೋ ಅದೇ ಮನೆಗೆ, ಅದೇ ಕೆಲಸಕ್ಕೆ, ಮುದಿ ವಯಸ್ಸಿನಲ್ಲಿ ಜಲಜಕ್ಕ ಮರಳಿದರು. ಅನಿತಾ ಪ್ರತಿ ತಿಂಗಳೂ ಏನೋ ಕಳಿಸುತ್ತಾಳಂತೆ, ಇವರು ವಾಪಸ್ ಕಳಿಸುತ್ತಾರಂತೆ.

ನಾನು ನಿವೃತ್ತಳಾದ ಮೇಲೂ ಈ ಕೇಸು ಒಂದು ಚಟ ಅಂಟಿಸಿ ಹೋಗಿದೆ. ಲಂಡನ್ನಿನಲ್ಲಿ ಯಾವ ಕನ್ನಡಿಗರ ಮದುವೆಗೆ ಹೋದರೂ, ಅಕ್ಷತೆ ಹಾಕುವ ಮುಂಚೆ "ರಿಜಿಸ್ಟರ್ ಆಯ್ತಾ?" ಎಂದು ಕೇಳುತ್ತೇನೆ. ಜನ ಮುಖ ಸಿಂಡರಿಸುತ್ತಾರೆ. ನನ್ನನ್ನು ಕರೆಯುವವರೂ ಈಗೀಗ ಕಡಿಮೆ. ಹೋದ ವರ್ಷ ಕೆಂಟನ್‌ನಲ್ಲೇ ಒಂದು ಮದುವೆಯಲ್ಲಿ ಹುಡುಗನ ತಂದೆ, "ಒಳ್ಳೇ ಹೊತ್ನಲ್ಲಿ ಯಾಕೆ ಮೇಡಂ ಸಾಯೋ ಮಾತು?" ಎಂದು ಗದರಿಕೊಂಡರು. ಸಾಯುವವರೆಗೂ ಈ ಮಾತು ಯಾರಿಗೂ ಬೇಕಾಗುವುದಿಲ್ಲ, ಸತ್ತ ಮೇಲೆ ಆಡಿ ಪ್ರಯೋಜನವಿಲ್ಲ. ಇಷ್ಟು ವರ್ಷದ ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ಕೊಡುವ ಹೊತ್ತಿಗೆ ಮಾತ್ರ ಲೋಕ ಪುರಾವೆ ಕೇಳುತ್ತದೆ.

ಆ ಮದುವೆಗೆ ಜಲಜಕ್ಕನೂ ಬಂದಿದ್ದರು. ಗಾಲಿಕುರ್ಚಿಯಲ್ಲಿದ್ದ ಡಾಕ್ಟರ ಹೆಂಡತಿಯನ್ನು ತಳ್ಳಿಕೊಂಡು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತರು. ಇದೇ ಹಾಲು ಎಂದು ತೋರಿಸಿದರು, ಮಂಟಪ ಆಗ ಆ ಕಡೆ ಇತ್ತು ಎಂದರು. ಹುಡುಗನ ಅತ್ತಿಗೆ ತಟ್ಟೆ ಹಿಡಿದು ಸಾಲಿನಲ್ಲಿ ಹೆಂಗಸರಿಗೆಲ್ಲ ಕುಂಕುಮ ಹಚ್ಚುತ್ತಾ, ಹೂವು ಕೊಡುತ್ತಾ ಬಂದಳು. ನನಗೆ ಹಚ್ಚಿದಳು. ಜಲಜಕ್ಕನ ಮುಂದೆ ಬಂದವಳ ಕಣ್ಣು ಅವರ ಬೋಳು ಕುತ್ತಿಗೆಯ ಮೇಲೆ ಬಿತ್ತು. ತಟ್ಟೆಯನ್ನು ಮೆಲ್ಲಗೆ ಸರಿಸಿಕೊಂಡು ಆಚೆಯ ಕುರ್ಚಿಗೆ ಹೋದಳು.

ಜಲಜಕ್ಕ ನನ್ನ ಕಡೆ ವಾಲಿ, ನಗದೆ, ಮೆಲ್ಲಗೆ ಹೇಳಿದರು.

"ಕಂಡ್ರ್ಯಾ ಮೇಡಂ, ಇವ್ರಿಗೆ ಸರ್ಟಿಫಿಕೇಟ್ ಬ್ಯಾಡ."